ವ್ಯಾಗನ್‌ಆರ್ ಸಿಎನ್‌ಜಿ, ಮೂರು ವರ್ಷದ ಮೇಲೆ: ಕಾರು ಪಾಸ್, ಬಂಕು ಫೇಲ್

ಈ ಕಾರು ಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾರಾದರೂ "ಸಿಎನ್‌ಜಿ ತಗೊಳ್ಳಬಹುದಾ?" ಅಂತ ಕೇಳಿದರೆ ನಾನು ಕಾರಿನ ಮಾತೇ ಎತ್ತುವುದಿಲ್ಲ. "ನಿಮ್ಮ ಮನೆ ಹತ್ತಿರದ ಬಂಕಿಗೆ ಗ್ಯಾಸ್ ಪೈಪಿನಲ್ಲಿ ಬರುತ್ತೋ, ಲಾರಿಯಲ್ಲಿ ಬರುತ್ತೋ?" ಅಂತ ತಿರುಗಿ ಕೇಳುತ್ತೇನೆ. ಎಲ್ಲರೂ ಒಂದು ಥರ ನೋಡುತ್ತಾರೆ. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮಾರುತಿ ವ್ಯಾಗನ್‌ಆರ್, 2022ರ ಗಾಡಿ. 1 ಲೀಟರ್ ಎಂಜಿನ್, ಫ್ಯಾಕ್ಟರಿಯಿಂದಲೇ ಸಿಎನ್‌ಜಿ ಕಿಟ್ ಕೂರಿಸಿ ಬಂದದ್ದು. ಮನೆ ಕೆಂಗೇರಿ. ಲ್ಯಾಬುಗಳ ಉಪಕರಣ ರಿಪೇರಿ ಮಾಡುವ ಕೆಲಸ. ಇವತ್ತು ಪೀಣ್ಯ, ನಾಳೆ ಹೊಸಕೋಟೆ, ನಾಡಿದ್ದು ತುಮಕೂರು. ಮೆಟ್ರೋದಲ್ಲಿ ಹೋಗಬಾರದಾ ಅನ್ನುವವರು ಒಮ್ಮೆ ನನ್ನ ಟೂಲ್ ಬಾಕ್ಸ್ ಎತ್ತಿ ನೋಡಲಿ. ಆಫೀಸಿನವರು ಕಿಲೋಮೀಟರಿಗೆ ಇಷ್ಟು ಅಂತ ಪೆಟ್ರೋಲ್ ಲೆಕ್ಕದಲ್ಲಿ ಕೊಡುತ್ತಾರೆ. ಗ್ಯಾಸಿನಲ್ಲಿ ಓಡಿಸಿ ಉಳಿದದ್ದು ನನ್ನ ಜೇಬಿಗೆ. ಮುಂದೆ ಓದುವಾಗ ಇದು ತಲೆಯಲ್ಲಿರಲಿ. ಭಾನುವಾರ ಒಂದು ಸುತ್ತು ದೇವಸ್ಥಾನಕ್ಕೆ ಹೋಗಿ ಬರುವವರ ಲೆಕ್ಕ ಪೂರ್ತಿ ಬೇರೆ.

ಮೈಲೇಜ್ ವಿಷಯಕ್ಕೆ ಬರೋಣ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಕಂಪನಿ ಹೇಳುವುದು 34.05. ಪೆಟ್ರೋಲ್ ಮ್ಯಾನುವಲ್‌ಗೆ 24.35. ನೋಡಿದ ತಕ್ಷಣ "ಅಬ್ಬಾ, ಹತ್ತು ಜಾಸ್ತಿ!" ಅನ್ನಿಸುತ್ತದೆ. ಆದರೆ ಮೊದಲನೆಯದು ಕೆ.ಜಿ.ಗೆ, ಎರಡನೆಯದು ಲೀಟರಿಗೆ. ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕೆ.ಜಿ.ಯಷ್ಟು. ಅಂದರೆ ಪೆಟ್ರೋಲ್ ಗಾಡಿಯನ್ನೂ ಕೆ.ಜಿ. ಲೆಕ್ಕಕ್ಕೆ ತಂದರೆ 32ರ ಮೇಲೆಯೇ ಬರುತ್ತದೆ. ಅದೂ ಅಲ್ಲದೆ ಕೆ.ಜಿ. ಗ್ಯಾಸಿನಲ್ಲಿ ಕೆ.ಜಿ. ಪೆಟ್ರೋಲಿಗಿಂತ ಶಕ್ತಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಎಂಜಿನ್ ಏನೂ ಜಾದೂ ಮಾಡುತ್ತಿಲ್ಲ. ಲಾಭ ಇರುವುದು ಗ್ಯಾಸಿನ ರೇಟಿನಲ್ಲಿ ಮಾತ್ರ. ರೇಟು ಏರಿದರೆ ಲಾಭ ಇಳಿಯುತ್ತದೆ.

ನನಗೆ ಸಿಗುವುದು ಊರೊಳಗೆ ಕೆ.ಜಿ.ಗೆ 26ರ ಆಸುಪಾಸು. ತುಮಕೂರು ರಸ್ತೆಯಲ್ಲಿ 80 ದಾಟದೆ ಹೋದರೆ 30 ಮುಟ್ಟುತ್ತದೆ. ಇದೇ ಗಾಡಿ ಪೆಟ್ರೋಲಿನಲ್ಲಿ ಬೆಂಗಳೂರು ಟ್ರಾಫಿಕ್ಕಿನಲ್ಲಿ 17 ಕೊಡುತ್ತದೆ. ಗ್ಯಾಸ್ ಕೆ.ಜಿ.ಗೆ 90 ರೂಪಾಯಿ ಹತ್ತಿರ, ಪೆಟ್ರೋಲ್ ಲೀಟರಿಗೆ 103 ಹತ್ತಿರ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಮೂರೂವರೆ ರೂಪಾಯಿ ಒಂದು ಕಡೆ, ಆರು ರೂಪಾಯಿ ಇನ್ನೊಂದು ಕಡೆ. ಉಳಿಯುವುದು ಎರಡೂವರೆ. ಸಿಎನ್‌ಜಿ ಮಾದರಿಗೆ ನಾನು ಕೊಂಡಾಗ ಶೋರೂಮಿನಲ್ಲಿ ಕೊಟ್ಟ ಹೆಚ್ಚಿನ ಹಣ ಸುಮಾರು 95 ಸಾವಿರ. ಅಂದರೆ 38 ಸಾವಿರ ಕಿ.ಮೀ. ಓಡಿಸಿದ ಮೇಲೆ ನಿಜವಾದ ಉಳಿತಾಯ ಶುರು. ನಾನು ಅದನ್ನು ಯಾವಾಗಲೋ ದಾಟಿದ್ದೇನೆ. ದಿನಕ್ಕೆ 20 ಕಿ.ಮೀ. ಓಡಿಸುವವರಿಗೆ ಐದು ವರ್ಷದ ಮೇಲೆ ಬೇಕು. ಅಂಥವರು ಸುಮ್ನೆ ಪೆಟ್ರೋಲ್ ಗಾಡಿ ತಗೊಂಡು ಡಿಕ್ಕಿ ಉಳಿಸಿಕೊಳ್ಳುವುದು ವಾಸಿ.

ಡಿಕ್ಕಿ ಅಂದೆನಲ್ಲ. 60 ಲೀಟರಿನ ಸಿಲಿಂಡರ್ ಕೂತ ಮೇಲೆ ಅಲ್ಲಿ ಉಳಿಯುವುದು ಒಂದು ಸಂದು. ಅದರಲ್ಲಿ ನಾನು ಛತ್ರಿ, ಚಪ್ಪಲಿ, ಒಂದು ನೀರಿನ ಕ್ಯಾನ್ ಇಡುತ್ತೇನೆ. ಟೂಲ್ ಬಾಕ್ಸುಗಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರುತ್ತವೆ. ಹಬ್ಬಕ್ಕೆ ಊರಿಗೆ ಹೊರಟರೆ ಬ್ಯಾಗುಗಳು ಮಕ್ಕಳ ಕಾಲ ಕೆಳಗೆ, ಬರುವಾಗ ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿ ಚೀಲವೂ ಅಲ್ಲೇ.

ಓಡಿಸುವುದಕ್ಕೆ ಮಾತ್ರ ಸುಖ. ಎತ್ತರದ ಸೀಟು, ಅಗಲ ಗಾಜು. ಮಾಗಡಿ ರಸ್ತೆಯ ಗಲ್ಲಿಗಳಲ್ಲಿ ಎಲ್ಲಿ ಬೇಕಾದರೂ ತಿರುಗಿಸಬಹುದು. ಬೆಳಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗುತ್ತದೆ, ಮನೆ ರಸ್ತೆ ದಾಟುವಷ್ಟರಲ್ಲಿ ತಾನೇ ಗ್ಯಾಸಿಗೆ ಹೊರಳುತ್ತದೆ. ಆ ಹೊರಳುವಿಕೆ ಕೇಳಿಸುವುದೂ ಇಲ್ಲ. ಗ್ಯಾಸಿನಲ್ಲಿ ಪಿಕಪ್ ಕಡಿಮೆ, ಅದು ನಿಜ. ಎಂಜಿನ್ ಶಕ್ತಿ ಪೆಟ್ರೋಲಿನಲ್ಲಿ 67 ಪಿಎಸ್ ಇದ್ದದ್ದು ಇಲ್ಲಿ 57. ಎಂಜಿನ್ನಿನೊಳಗೆ ಗಾಳಿ ಇರಬೇಕಾದ ಜಾಗವನ್ನು ಗ್ಯಾಸೇ ಸ್ವಲ್ಪ ತಿಂದುಬಿಡುತ್ತದೆ, ಅದಕ್ಕೆ. ಊರೊಳಗೆ ಗೊತ್ತಾಗುವುದಿಲ್ಲ. ದೇವರಾಯನದುರ್ಗದ ಏರಿಗೆ ನಾಲ್ಕು ಜನ, ಎಸಿ ಹಾಕಿಕೊಂಡು ಹೊರಟರೆ ಎರಡನೇ ಗೇರಿನಲ್ಲಿ ಕೊಸರಾಡುತ್ತದೆ. ಆಗ ಬಟನ್ ಒತ್ತಿ ಪೆಟ್ರೋಲಿಗೆ ಬರುತ್ತೇನೆ. ಹೇಗೂ ವಾರಕ್ಕೆ ಒಂದಿಷ್ಟು ದೂರ ಪೆಟ್ರೋಲಿನಲ್ಲಿ ಓಡಿಸಲೇಬೇಕು. ಈಗಿನ ಪೆಟ್ರೋಲಿನಲ್ಲಿ 20 ಭಾಗ ಎಥನಾಲ್, ಎಥನಾಲ್ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಅದನ್ನು ಹಾಗೇ ಬಿಡುವುದು ಒಳ್ಳೆಯದಲ್ಲ.

ಈಗ ಬಂಕು.

ಪೆಟ್ರೋಲ್ ಹಾಕಿಸುವುದು ಎರಡು ನಿಮಿಷದ ಕೆಲಸ. ಗ್ಯಾಸ್ ಹಾಗಲ್ಲ. ಸಾಲಿನಲ್ಲಿ ನಿಲ್ಲಬೇಕು. ಸರದಿ ಬಂದಾಗ ಎಂಜಿನ್ ಆಫ್, ಎಲ್ಲರೂ ಕೆಳಗಿಳಿಯಬೇಕು. ಮಂಡಿನೋವಿನ ಅಮ್ಮನೂ ಇಳಿಯಬೇಕು, ನಿದ್ದೆ ಹೋದ ಮಗಳನ್ನೂ ಎತ್ತಿಕೊಳ್ಳಬೇಕು. ಮುಚ್ಚಳ ತೆಗೆದಿದ್ದರೆ ಗಾಡಿ ಸ್ಟಾರ್ಟೇ ಆಗದ ಹಾಗೆ ಒಂದು ಸ್ವಿಚ್ ಇದೆ, ಅದು ಒಳ್ಳೆಯ ಏರ್ಪಾಡು. ಹುಡುಗ ಬಂದು ರಬ್ಬರ್ ಮುಚ್ಚಳ ಎಳೆದು, ನಾಝಲ್ ಕೂರಿಸಿ, ಹಿಡಿ ತಿರುಗಿಸುತ್ತಾನೆ. 'ಟಕ್' ಅಂತ ಒಂದು ಸದ್ದು. ಆಮೇಲೆ ಪೈಪು ಸಣ್ಣಗೆ ನಡುಗುತ್ತದೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಮೀಟರಿನ ಮೇಲೆ. ಮೊದಲ ನಾಲ್ಕು ಕೆ.ಜಿ. ಓಡಿ ಬರುತ್ತದೆ. ಐದಾದ ಮೇಲೆ ಅಂಕಿಗಳು ನಿಧಾನ. ಆರು. ಆರೂಕಾಲು. ಒಳ್ಳೆಯ ಬಂಕಾದರೆ ಎಂಟು ದಾಟುತ್ತದೆ, 200 ಬಾರ್ ಪ್ರೆಷರ್ ಬಂದು ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಹುಡುಗ ನಾಝಲ್ ಬಿಚ್ಚುತ್ತಾನೆ. 'ಉಸ್ಸ್'. "ಪ್ರೆಷರ್ ಇಲ್ಲ ಸಾರ್, ಇಷ್ಟೇ."

ಈ "ಇಷ್ಟೇ" ಅನ್ನುವ ಮಾತಿನ ಹಿಂದೆ ಏನಿದೆ ಅಂತ ನನಗೆ ಮೊದಲ ವರ್ಷ ತಿಳಿದಿರಲಿಲ್ಲ. ಸಾಲಿನಲ್ಲಿ ನಿಂತು ನಿಂತು ಕಲಿತೆ. ಗೇಲ್ ಸಂಸ್ಥೆಯ ಕೊಳವೆ ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುತ್ತದೆ, 2013ರಲ್ಲಿ ಶುರುವಾದದ್ದು. ಊರೊಳಗೆ ಆ ಗ್ಯಾಸ್ ಹಂಚುವ ಪೈಪು ಹಾದುಹೋಗುವ ಜಾಗದ ಬಂಕುಗಳು ಆನ್‌ಲೈನ್ ಬಂಕುಗಳು. ಗ್ಯಾಸ್ ನೇರ ಬರುತ್ತದೆ, ಅಲ್ಲೇ ಕಂಪ್ರೆಸರ್ ಅದನ್ನು ಒತ್ತುತ್ತದೆ. ಪೈಪು ಇಲ್ಲದ ಕಡೆ ಇರುವುದು ಡಾಟರ್ ಸ್ಟೇಷನ್. ಪೈಪು ಇರುವ ದೊಡ್ಡ ಬಂಕಿನಲ್ಲಿ, ಅಂದರೆ ಮದರ್ ಸ್ಟೇಷನ್‌ನಲ್ಲಿ, ದೊಡ್ಡ ಸಿಲಿಂಡರುಗಳ ಗೊಂಚಲು ತುಂಬಿಸಿ, ಲಾರಿಯಲ್ಲಿ ತಂದು ನಿಲ್ಲಿಸುತ್ತಾರೆ. ಅದಕ್ಕೆ ಕ್ಯಾಸ್ಕೇಡ್ ಅನ್ನುತ್ತಾರೆ. ಲಾರಿ ಬಂದ ಹೊಸದರಲ್ಲಿ ಗ್ಯಾಸ್ ಜೋರಾಗಿ ತುಂಬುತ್ತದೆ. ಹತ್ತಾರು ಗಾಡಿ ಆದಮೇಲೆ ಒತ್ತಡ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಸಾಲಿನ ಕೊನೆಯಲ್ಲಿ ನಿಂತವನು ಜಾಸ್ತಿ ಹೊತ್ತು ಕಾಯುತ್ತಾನೆ, ಕಡಿಮೆ ಗ್ಯಾಸ್ ತಗೊಂಡು ಹೋಗುತ್ತಾನೆ.

ಇನ್ನೂ ಒಂದಿದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದರೆ ಪಂಪಿನ ಬುಡ ಬಿಸಿಯಾಗುತ್ತಲ್ಲ, ಹಾಗೇ ಗ್ಯಾಸೂ ಒತ್ತಿ ತುಂಬುವಾಗ ಬಿಸಿಯಾಗುತ್ತದೆ. ಬಿಸಿ ಗ್ಯಾಸ್ ಬೇಗ 200 ತೋರಿಸುತ್ತದೆ. ತಣ್ಣಗಾದ ಮೇಲೆ ಮುಳ್ಳು ಕೆಳಗಿಳಿದಿರುತ್ತದೆ. ಏಪ್ರಿಲ್ ಮಧ್ಯಾಹ್ನ ತುಂಬಿಸಿದ ಗ್ಯಾಸಿಗೂ ಡಿಸೆಂಬರ್ ಬೆಳಗ್ಗೆ ತುಂಬಿಸಿದ್ದಕ್ಕೂ ಅರ್ಧ ಕೆ.ಜಿ. ಮೇಲೆಯೇ ವ್ಯತ್ಯಾಸ ಬರುತ್ತದೆ.

ನಮ್ಮ ಮನೆಗೆ ಹತ್ತಿರದ ಬಂಕು ಡಾಟರ್. ಹೆಸರು ಬೇಡ. ಸಂಜೆ ಆರರಿಂದ ಒಂಬತ್ತರವರೆಗೆ ಅಲ್ಲಿಗೆ ಹೋಗುವುದೂ ಒಂದೇ, ಮನೆಯಲ್ಲಿ ಕೂರುವುದೂ ಒಂದೇ. ಸರದಿಗೆ ಇನ್ನೆರಡು ಗಾಡಿ ಇರುವಾಗ "ಲಾರಿ ಬಂದಿಲ್ಲ" ಅಂತ ಹಗ್ಗ ಕಟ್ಟಿದ್ದೂ ಇದೆ. ಯಾವಾಗ ಬರುತ್ತೆ ಅಂದರೆ ಹುಡುಗರಿಗೂ ಗೊತ್ತಿರುವುದಿಲ್ಲ. ಒಂದು ಬೋರ್ಡಿನಲ್ಲಿ ಬರೆದು ಹಾಕಬಾರದಾ? ಅರ್ಧ ಗಂಟೆ ಮೊದಲೇ ಹೇಳಿದ್ದರೆ ಬೇರೆ ಕಡೆ ಹೋಗುತ್ತಿದ್ದೆವು. ಮ್ಯಾನೇಜರಿಗೆ ಹೇಳಿದೆ, ಪುಸ್ತಕದಲ್ಲಿ ಬರೆದೆ. ಏನೂ ಬದಲಾಗಲಿಲ್ಲ. ಒಂದೊಂದು ಸಂಜೆ, ಉಳಿದ ಎರಡೂವರೆ ರೂಪಾಯಿಗೆ ನನ್ನ ಸಮಯದ ಬೆಲೆ ಕಟ್ಟಿದರೆ ಈ ಗಾಡಿ ಮಾರಿಬಿಡಬೇಕು ಅನ್ನಿಸಿದೆ.

ಮಾರಲಿಲ್ಲ, ಯಾಕೆಂದರೆ ಬೆಳಗಿನ ಸಾಲು ಸಿಕ್ಕಿತು. ತುಸು ದೂರದ ಆನ್‌ಲೈನ್ ಬಂಕಿಗೆ ಐದೂವರೆಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಬರುವವರು ಆಟೋದವರು, ಏರ್‌ಪೋರ್ಟ್ ಟ್ಯಾಕ್ಸಿಯವರು. ಗ್ಯಾಸಿನ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಯಾವ ಸರ್ವಿಸ್ ಸೆಂಟರಿನವರಿಗೂ ಗೊತ್ತಿಲ್ಲ. "ಸಾರ್, ಆ ಕಡೆ ನಾಝಲ್‌ಗೆ ನಿಲ್ಲಬೇಡಿ, ಸ್ಲೋ ಇದೆ, ಈ ಕಡೆ ಬನ್ನಿ" ಅಂತ ಕರೆದು ಜಾಗ ಬಿಡುತ್ತಾರೆ. ಯಾವ ಬಂಕಿನಲ್ಲಿ ಎಷ್ಟು ಪ್ರೆಷರ್ ಅಂತ ಹಾಕುವ ಅವರ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ದಿನವಿಡೀ ಬರೀ ಅಂಕಿಗಳು: "ನಾಯಂಡಹಳ್ಳಿ 190", "ಪೀಣ್ಯ ಫುಲ್, ರಶ್ ಇಲ್ಲ". ಪಕ್ಕದ ಗಾಡಿಯಲ್ಲಿ ಫ್ಲಾಸ್ಕಿನ ಟೀ ಮಾರುವ ಒಬ್ಬರಿದ್ದಾರೆ. ಶುಂಠಿ ಜಾಸ್ತಿ. ಒಂದು ಲೋಟ ಮುಗಿಯುವಷ್ಟರಲ್ಲಿ ಸರದಿ. ಎಂಟೂಕಾಲು ಕೆ.ಜಿ. ಹಿಡಿದ ದಿನ, ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗುತ್ತದೆ. ಅಷ್ಟಕ್ಕೆ 200 ಕಿ.ಮೀ. ಮೇಲೆ ಓಡಿಸಬಹುದು.

ಕಳೆದ ವರ್ಷ ಸಿಲಿಂಡರ್ ಟೆಸ್ಟ್ ಬಂತು. ಮೂರು ವರ್ಷಕ್ಕೊಮ್ಮೆ ಕಡ್ಡಾಯ. ಸಿಲಿಂಡರ್ ಬಿಚ್ಚಿ, ನೀರು ತುಂಬಿ, ಒತ್ತಡ ಕೊಟ್ಟು ನೋಡುತ್ತಾರೆ. ಟೆಸ್ಟ್ ವಿವರದ ಪ್ಲೇಟಿನ ಮೇಲೆ ಹೊಸ ದಿನಾಂಕ ಇಲ್ಲದಿದ್ದರೆ ಬಂಕಿನಲ್ಲಿ ಗ್ಯಾಸ್ ಹಾಕಬಾರದು ಅಂತ ನಿಯಮ. ಗಾಡಿ ಬಿಟ್ಟು ಬರಬೇಕಾಯಿತು, ಕೆಲಸದ ದಿನ ಹಾಳು. ಆದರೆ ಇದರಲ್ಲಿ ಗೊಣಗಬಾರದು. ಬೆನ್ನ ಹಿಂದೆ 200 ಬಾರ್ ಇಟ್ಟುಕೊಂಡು ಓಡಾಡುವಾಗ ಈ ಟೆಸ್ಟ್ ಬೇಕು. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಗಾಡಿ ನೋಡಲು ಹೋದವರು ಮೊದಲು ಆ ಪ್ಲೇಟ್ ನೋಡಿ, ಆಮೇಲೆ ಪೇಂಟ್ ನೋಡಿ.

ಇನ್ನು ಸ್ನೇಹಿತರ ಜಗಳ. ನಮ್ಮ ಗುಂಪಿನ ಟಾಟಾ ಅಭಿಮಾನಿ 2023ರಿಂದ ಒಂದೇ ಪಾಠ ಹೇಳುತ್ತಿದ್ದಾನೆ: "ಆಲ್ಟ್ರೋಝ್‌ನಲ್ಲಿ ನೋಡು ಗುರು, ಎರಡು ಸಣ್ಣ ಸಿಲಿಂಡರ್, ಡಿಕ್ಕಿ ಕೆಳಗೆ." ಮಾತು ಸರಿ. 2024ರಲ್ಲಿ ಹ್ಯುಂಡೈ ಎಕ್ಸ್‌ಟರ್ ಅದನ್ನೇ ಮಾಡಿತು. 2025ರಲ್ಲಿ ಮಾರುತಿಯೇ ವಿಕ್ಟೋರಿಸ್‌ನಲ್ಲಿ ಸಿಲಿಂಡರನ್ನು ಗಾಡಿಯ ಅಡಿಗೆ ಸರಿಸಿತು. ಅಷ್ಟು ಜಾಣತನ ವ್ಯಾಗನ್‌ಆರ್‌ಗೂ ಬರಲಿ ಅಂತ ನನಗೂ ಆಸೆ. ಟಾಟಾ ಟಿಯಾಗೋದಲ್ಲಿ ಗ್ಯಾಸಿಗೆ ಎಎಂಟಿ, ಅಂದರೆ ಕ್ಲಚ್ ಒತ್ತದೆ ತಾನೇ ಬದಲಾಗುವ ಗೇರು ಕೂಡ ಸಿಗುತ್ತದೆ, ನನ್ನದರಲ್ಲಿ ಮ್ಯಾನುವಲ್ ಒಂದೇ. ಹೊರವರ್ತುಲ ರಸ್ತೆಯಲ್ಲಿ ಒಂದು ಸಂಜೆ ಕಳೆದ ಎಡಗಾಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಸುರಕ್ಷತೆಯ ಮಾತು ಬಂದಾಗ ನಾನು ವಾದ ಮಾಡುವುದಿಲ್ಲ. ಕಾರುಗಳ ಅಪಘಾತ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಈ ಗಾಡಿಗೆ ದೊಡ್ಡವರ ರಕ್ಷಣೆಯಲ್ಲಿ ಕೊಟ್ಟದ್ದು ಒಂದೇ ಸ್ಟಾರ್. ಆಗ ಇದ್ದದ್ದು ಎರಡು ಏರ್‌ಬ್ಯಾಗ್, ನನ್ನ ಗಾಡಿಯಲ್ಲೂ ಅಷ್ಟೇ. 2025ರಿಂದ ಆರು ಬರುತ್ತಿವೆ. ಹಾಗಾಗಿ ರಾತ್ರಿ ಹೆದ್ದಾರಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ನಾನು ಹೊರಡುವುದಿಲ್ಲ. ದೂರದ ಊರಿಗೆ ರೈಲು.

ಎಲೆಕ್ಟ್ರಿಕ್ ಕಾರಿನ ಸ್ನೇಹಿತ ಕಿಲೋಮೀಟರಿಗೆ ಒಂದು ರೂಪಾಯಿ ಅಂತ ನಗುತ್ತಾನೆ. ಅವನಿಗೆ ಸ್ವಂತ ಮನೆ, ಸ್ವಂತ ಪಾರ್ಕಿಂಗ್, ಗೋಡೆಯ ಮೇಲೆ ಚಾರ್ಜರ್. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ, ಗಾಡಿ ರಸ್ತೆಯಲ್ಲಿ. ಕಿಟಕಿಯಿಂದ ವೈರ್ ಇಳಿಬಿಟ್ಟರೆ ಓನರ್ ಆಂಟಿ ಅದೇ ವೈರಿನಲ್ಲಿ ಕಟ್ಟಿಹಾಕುತ್ತಾರೆ.

ನೀವು ಕೊಳ್ಳುವ ಯೋಚನೆಯಲ್ಲಿದ್ದರೆ ಟೆಸ್ಟ್ ಡ್ರೈವ್‌ಗೆ ಮೊದಲು ಒಂದು ಸಂಜೆ ಏಳು ಗಂಟೆಗೆ ನಿಮ್ಮ ಹತ್ತಿರದ ಬಂಕಿಗೆ ಹೋಗಿ ನಿಲ್ಲಿ. ಮೂಲೆಯಲ್ಲಿ ಸಿಲಿಂಡರ್ ಗೊಂಚಲಿನ ಲಾರಿ ನಿಂತಿದೆಯಾ ನೋಡಿ. ನಾಲ್ಕು ಗಾಡಿಗಳ ಮೀಟರ್ ಗಮನಿಸಿ. ಆಟೋದವರನ್ನು ಮಾತಾಡಿಸಿ. ಸಾಲು ಓಡುತ್ತಿದ್ದರೆ ಮಾತ್ರ ಮಾರನೇ ದಿನ ಶೋರೂಮಿಗೆ ಹೋಗಿ ಬುಕ್ ಮಾಡಿ.

ಹಾಗೇ ಒಂದು ಸಹಾಯ. ಹೊಸಕೋಟೆ ಕಡೆ ಸಂಜೆ ಹೊತ್ತು 200 ತುಂಬಿಸುವ ಬಂಕು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಆ ಕಡೆ ಕೆಲಸ ಜಾಸ್ತಿಯಾಗಿದೆ, ವಾಪಸ್ ಬರುವಾಗ ಪೆಟ್ರೋಲಿನಲ್ಲೇ ಬರುತ್ತಿದ್ದೇನೆ.