ನಂದಿಬಟ್ಟಲಿನ ಹುಳಕ್ಕೆ ಹೆಸರು ಬೇಕಾದರೆ: ಐನ್ಯಾಚುರಲಿಸ್ಟ್ ಆ್ಯಪ್ ಬಗ್ಗೆ

ಐನ್ಯಾಚುರಲಿಸ್ಟ್ ಎಂದರೆ ಫೋಟೋ ಹಾಕಿದರೆ ಜೀವಿಯ ಹೆಸರು ಸೂಚಿಸುವ ಆ್ಯಪ್. ಹುಳ ಕಂಡ ಕೂಡಲೇ ಕಡ್ಡಿಪೊರಕೆ ಹುಡುಕುವವರು ಇದನ್ನು ಹಾಕಿಕೊಂಡು ಪ್ರಯೋಜನವಿಲ್ಲ. ನನಗೋ, ಹೆಸರು ತಿಳಿಯುವವರೆಗೆ ಸಮಾಧಾನವಿಲ್ಲ. ಶಿರಸಿ ಕಡೆಯ ನಮ್ಮ ಅಂಗಳದಲ್ಲಿ ಮಳೆ ಹಿಡಿದರೆ ಸಾಕು, ಪೂಜೆಗೆಂದು ನೆಟ್ಟ ನಂದಿಬಟ್ಟಲು ಬೋಳಾಗುತ್ತದೆ. ಕೆಳಗೆ ಮೆಣಸಿನ ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಮೇಲೆ ಹಾಕ್ ಮಾತ್ (ಒಂದು ಬಗೆಯ ಪತಂಗ) ಹುಳ ಇದೆ ಎಂದೇ ಅರ್ಥ.

ಬೆಳೆದ ಹುಳವಾದರೆ ಗುರುತು ಸುಲಭ. ಬೆರಳುದ್ದದ ಹಸಿರು ಮೈ, ಕತ್ತಿನ ಹತ್ತಿರ ಕಪ್ಪು ಅಂಚಿನ ಎರಡು ನೀಲಿ ಕಣ್ಣು (ನಿಜವಾದ ಕಣ್ಣಲ್ಲ, ಹೆದರಿಸುವ ವೇಷ), ಹಿಂದೆ ಮೋಟು ಹಳದಿ ಕೋಡು. ಫೋಟೋ ಹಾಕಿದೆ, ಡಾಫ್ನಿಸ್ ನೇರಿಯೈ ಎಂದು ಬಂತು. ಕಣಗಿಲೆ ತಿನ್ನುವುದೂ ಇದೇ. ಆದರೆ ಮೊಟ್ಟೆಯೊಡೆದ ಹೊಸತರಲ್ಲಿ ಇದಕ್ಕೆ ಆ ಕಣ್ಣುಗಳಿಲ್ಲ, ಕೋಡು ಉದ್ದ, ಕಪ್ಪು, ಕೂದಲೆಳೆಯಂತೆ. ಮರಿಗಳ ವಿಷಯದಲ್ಲಿ ಆ್ಯಪ್ ತೋರಿಸುವ ಮೊದಲ ಹೆಸರನ್ನೇ ಒತ್ತಿಬಿಡಬೇಡಿ. ಕುಟುಂಬದ ಹೆಸರು, ಸ್ಫಿಂಜಿಡೇ, ಹಾಕಿ ಬಿಡಿ. ಆ್ಯಪ್ ಬಳಸುವವರಲ್ಲೇ ಬಲ್ಲವರು ಬಂದು ಮುಂದಿನದನ್ನು ಹೇಳುತ್ತಾರೆ.

ಇದರ ಬೆಲೆ ಇರುವುದೇ ಆ ಬಲ್ಲವರಲ್ಲಿ. ಕನಿಷ್ಠ ಇಬ್ಬರ ಅಭಿಪ್ರಾಯ ಬಂದು, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಪ್ರಭೇದದ ಹೆಸರನ್ನು ಒಪ್ಪಿದರೆ ಮಾತ್ರ ಆ ದಾಖಲೆಗೆ ರಿಸರ್ಚ್ ಗ್ರೇಡ್ (ಸಂಶೋಧನೆಗೆ ಯೋಗ್ಯ) ಮುದ್ರೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಇವತ್ತಿಗೂ ಪುಕ್ಕಟೆ, ಜಾಹೀರಾತಿಲ್ಲ. ಮೊದಲು ನಾನು ಬಳಸಿದ ಇನ್ನೊಂದು ಆ್ಯಪ್ (ಹೆಸರು ಬೇಡ) ಖಡಾಖಂಡಿತವಾಗಿ ಒಂದೇ ಹೆಸರು ಹೇಳಿ, ಹೆಚ್ಚಿನ ವಿವರಕ್ಕೆ ದುಡ್ಡು ಕೇಳುತ್ತಿತ್ತು.

ಕೆಸುವಿನ ಮೇಲಿನ ಹುಳ ಬೇರೆ ತಲೆನೋವು. ಕಪ್ಪು ಮೈ, ಪಕ್ಕದಲ್ಲಿ ಹಳದಿ ಕಣ್ಣುಗಳ ಸಾಲು. ಹಾಕ್ ಮಾತ್‌ಗಳಲ್ಲೇ ಥೆರೆಟ್ರಾ ಎಂಬ ಕುಲದ್ದು ಎಂದು ಗೊತ್ತಾದರೂ ಯಾವ ಥೆರೆಟ್ರಾ? ಡಬ್ಬಿಗೆ ಮಣ್ಣು, ದಿನಾ ಹೊಸ ಎಲೆ ಹಾಕಿ ಸಾಕಿದೆ. ಕೊನೆಗೆ ಹೊರಬಂದ ಪತಂಗದ ಬೆನ್ನ ಮೇಲೆ ಎರಡು ಬೆಳ್ಳಿಗೆರೆ ಇತ್ತು: ಓಲ್ಡನ್‌ಲ್ಯಾಂಡಿಯೈ. ಒಂದೇ ಗೆರೆ ಇದ್ದಿದ್ದರೆ ಸಿಲ್ಹೆಟೆನ್ಸಿಸ್. ನಮ್ಮ ಜಿಲ್ಲೆಯಲ್ಲೇ, ಕಾರವಾರದಲ್ಲಿ, ಅರಣ್ಯಾಧಿಕಾರಿ ಟಿ. ಆರ್. ಬೆಲ್ ಹೀಗೆಯೇ ಹುಳ ಸಾಕಿ ಸಾಕಿ, 1937ರಲ್ಲಿ ಸಹಲೇಖಕ ಸ್ಕಾಟ್ ಜೊತೆ ಭಾರತದ ಹಾಕ್ ಮಾತ್‌ಗಳ ದೊಡ್ಡ ಸಂಪುಟ ತಂದರು. ಯಾವ ಹುಳಕ್ಕೆ ಯಾವ ಗಿಡ ಎಂಬುದನ್ನು ಅವರು ಬಿಡದೆ ಬರೆದರು. ಆ್ಯಪ್‌ನಲ್ಲಿ ಮಾತ್ರ ಮುಕ್ಕಾಲು ಜನ ಗಿಡದ ಫೋಟೋವನ್ನೇ ಹಾಕುವುದಿಲ್ಲ! ಹುಳದ ಮೇಲ್ಭಾಗ, ಪಕ್ಕ, ಕೋಡು, ಜೊತೆಗೆ ತಿಂದ ಎಲೆ, ಇಷ್ಟೂ ಒಂದೇ ದಾಖಲೆಯಲ್ಲಿ ಇರಲಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮನೆಯಂಗಳದಲ್ಲಿ ತೆಗೆದ ಫೋಟೋ ಆದರೆ ಹಾಕುವ ಮುಂಚೆ ಸ್ಥಳದ ಸೆಟ್ಟಿಂಗ್ ಅನ್ನು ‘ಅಬ್ಸ್‌ಕ್ಯೂರ್ಡ್’ ಮಾಡಿಕೊಳ್ಳಿ. ಆಗ ನಕ್ಷೆಯಲ್ಲಿ ಗುರುತು ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಬೀಳುತ್ತದೆ, ನಿಮ್ಮ ಮನೆ ಬಾಗಿಲಿಗಲ್ಲ.