ತುಮರಿ ಬಿಟ್ಟು ಹೊರಟವರಿಗೆ: ದಾವಣಗೆರೆಯೋ, ದುರ್ಗವೋ?

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚ್‌ಗೆ ಕಾಯೋದು ತಪ್ಪಿತು. ಶರಾವತಿ ಹಿನ್ನೀರಿನ ನಮ್ಮ ದ್ವೀಪದಿಂದ ಹುಡುಗರು ಹೊರಡೋದು ಮಾತ್ರ ನಿಂತಿಲ್ಲ. ಬೆಂಗಳೂರು ಬೇಡ ಅನ್ನೋರು ದಾವಣಗೆರೆ, ಚಿತ್ರದುರ್ಗ ಇವೆರಡರಲ್ಲಿ ಯಾವುದು ಅಂತ ಕೇಳ್ತಾರೆ. ನಾನು ಎರಡೂ ಕಡೆ ಬಾಡಿಗೆ ಕಟ್ಟಿದವನು.

ಓದೋಕೆ ದಾವಣಗೆರೆಯೇ, ಎರಡು ಮಾತಿಲ್ಲ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, ಜೆಜೆಎಂ ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ ಎಲ್ಲ ಅಲ್ಲೇ. ಬೆಂಗಳೂರು–ಹುಬ್ಬಳ್ಳಿ ರೈಲು ಊರೊಳಗೇ ಹಾಯುತ್ತದೆ. ದುರ್ಗದ್ದು ಚಿಕ್ಕಜಾಜೂರು–ಬಳ್ಳಾರಿ ಕವಲು ದಾರಿ, ಬಸ್ಸನ್ನೇ ನಂಬಿ. ಸಂಜೆ ಹಸಿವಿಗೂ ದಾವಣಗೆರೆಗೇ ಮಾರ್ಕು: ಪೇಪರ್ ಮೇಲೆ ಖಾರ ಮಂಡಕ್ಕಿ, ಪಕ್ಕಕ್ಕೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. ತಿಂಗಳ ಕೊನೆಗೆ ಅದೇ ರಾತ್ರಿಯೂಟವೂ ಆಗಿದ್ದುಂಟು.

ನೀರಿನ ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆ ಹಿಂದೆ ಹೊಳೆ ನೋಡುತ್ತ ಬೆಳೆದ ನಾನು ದುರ್ಗದ ರೂಮಲ್ಲಿ ನಲ್ಲಿ ಬಂದ ದಿನ ಡ್ರಮ್ಮು, ಕೊಡ, ಕೊನೆಗೆ ಕುಕ್ಕರ್ ಕೂಡ ತುಂಬಿಸಿಟ್ಟೆ. ಆ ಊರಿಗೆ ನೀರು ಬರೋದು ವಾಣಿವಿಲಾಸ ಸಾಗರ, ಸೂಳೆಕೆರೆಗಳಿಂದ. ಸೂಳೆಕೆರೆ ಇರೋದು ದಾವಣಗೆರೆ ಜಿಲ್ಲೆಯಲ್ಲಿ!

ಆದರೆ ಪರೀಕ್ಷೆಗೆ ಓದಿಕೊಂಡು ಸುಮ್ಮನಿರಬೇಕು, ಗಲಾಟೆ ಬೇಡ ಅಂದ್ರೆ ದುರ್ಗ. ದಾವಣಗೆರೆಯ ಏಪ್ರಿಲ್‌ನಲ್ಲಿ ಫ್ಯಾನೂ ಬಿಸಿ ಉಸಿರೇ ಬಿಡುತ್ತದೆ. ದುರ್ಗದಲ್ಲಿ ಸಂಜೆ ಕೋಟೆ ಹತ್ತಿದರೆ ಅಂಗಿ ಹಾರಿಸುವ ಗಾಳಿ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ.

ಅಂದಹಾಗೆ, ಮಳೆಗೆ ಹೊದೆಯೋಕೆ ಅಮ್ಮ ಕಟ್ಟಿಕೊಡೋ ಕಂಬಳಿಕೊಪ್ಪೆ ಎರಡೂ ಊರಲ್ಲಿ ಬೇಕಾಗೋದಿಲ್ಲ.