ನೂರೈವತ್ತು ರೂಪಾಯಿ ಕಟಿಂಗ್ ಎಷ್ಟು ದಿನ ಬರುತ್ತೆ? ಏರಿಯಾದ ಜೆಂಟ್ಸ್ ಸಲೂನ್, ಆರು ವರ್ಷ ಬಳಸಿದ ಮೇಲೆ

ಮೂರು ಕುರ್ಚಿ, ಎದುರುಬದುರು ಕನ್ನಡಿ, ಗೋಡೆ ಮೇಲೆ ಕ್ಷೌರಿಕರ ಸಂಘದ ದರಪಟ್ಟಿ, ಮೂಲೆಯಲ್ಲೊಂದು ಟಿವಿ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥದ್ದೊಂದು ಅಂಗಡಿ ಇದ್ದೇ ಇರುತ್ತೆ, ವರ್ಣನೆ ಇಷ್ಟು ಸಾಕು. ಕಟಿಂಗ್ 150, ಶೇವಿಂಗ್ 80, ಎರಡೂ ಸೇರಿದರೆ 220. ಇದು ಎ.ಸಿ. ಇಲ್ಲದ ಅಂಗಡಿ. ಎ.ಸಿ. ಹಾಕಿಸಿದವರು ಇದೇ ಕೆಲಸಕ್ಕೆ 200ರಿಂದ 250 ಕೇಳುತ್ತಾರೆ. ಚೈನ್ ಸಲೂನಿಗೆ ಹೋದರೆ 400ರ ಆಸುಪಾಸು, ಅದರ ಮೇಲೆ ತೆರಿಗೆ. ಬೋರ್ಡಿನ 400 ಬಿಲ್ಲಿಗೆ ಬರುವಾಗ 472 ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಲೂನಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ, ಈಗ ಅದೇ ಕಟಿಂಗ್ 420. ಆದರೆ ಬಾಡಿಗೆ, ಶಾಂಪೂ, ಕ್ರೀಮಿನ ಮೇಲೆ ಕಟ್ಟಿದ ತೆರಿಗೆಯನ್ನು ಅಂಗಡಿಯವರು ಈಗ ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಆದ್ದರಿಂದ ತೆರಿಗೆ ಇಳಿಯಿತು ಅಂತ ಖುಷಿಪಡುವ ಮುಂಚೆ ಮೂಲದರ ಏರಿದೆಯಾ ನೋಡಿಕೊಳ್ಳಿ. ವರ್ಷಕ್ಕೆ 20 ಲಕ್ಷದ ವಹಿವಾಟು ಮುಟ್ಟದ ಚಿಕ್ಕ ಅಂಗಡಿಗೆ ಈ ರಗಳೆಯೇ ಇಲ್ಲ. 150 ಅಂದರೆ 150.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಟಿಂಗಿನ ಸುಖ ಇರುವುದು ಶುರುವಿನ ಎರಡು ನಿಮಿಷ ಮತ್ತು ಕೊನೆಯ ಐದು ನಿಮಿಷದಲ್ಲಿ. ಬಟ್ಟೆಯನ್ನು ಒಮ್ಮೆ ಪಟ್ ಅಂತ ಕೊಡವಿ, ಹೊದಿಸಿ, ಕತ್ತಿನ ಸುತ್ತ ಟಿಶ್ಯೂ ಪಟ್ಟಿ ಸುತ್ತಿ ಕ್ಲಿಪ್ ಹಾಕುತ್ತಾರೆ. ಆಮೇಲೆ ತಲೆಗೆ ನೀರಿನ ಸ್ಪ್ರೇ. ಕತ್ತರಿ ಕೂದಲಿಗೆ ತಾಗುವ ಮುಂಚೆ ಗಾಳಿಯಲ್ಲೇ ನಾಲ್ಕು ಸಲ ಚಕಚಕ ಅನ್ನಿಸುವುದು ಸುಮ್ಮನೆ ಶೋಕಿಯಲ್ಲ, ಅಲಗಿನ ನಡುವೆ ಸಿಕ್ಕಿದ ತುಂಡುಗೂದಲು ಅದರಿಂದ ಉದುರುತ್ತದೆ. ಕೊನೆಯಲ್ಲಿ ಕಿವಿಯ ಹಿಂದೆ, ಕತ್ತಿನ ಅಂಚಿಗೆ ಒದ್ದೆ ಬ್ರಷ್ ಎಳೆದು ಬ್ಲೇಡು ಆಡಿಸುವಾಗಿನ ಆ ತಣ್ಣನೆ ಸದ್ದು. ನಂತರ ಪಟಿಕದ ಚುರುಚುರು, ಪೌಡರಿನ ಬ್ರಷ್ಷು, ತಲೆಯ ಹಿಂದೆ ಹಿಡಿದ ಕೈಗನ್ನಡಿ. ಕೈಗನ್ನಡಿ ಹಿಡಿದಾಗ ಎಲ್ಲರೂ ಹೂಂ ಅನ್ನುತ್ತಾರೆ. ನಿಜವಾಗಿ ನೋಡಿ ಅನ್ನುವವರು ಕಡಿಮೆ. ನೋಡಬೇಕಾದ ಜಾಗ ಯಾವುದು ಅಂತ ಮುಂದೆ ಹೇಳುತ್ತೇನೆ.

ಇನ್ನು ಕೊರತೆ. ಕುರ್ಚಿಯಲ್ಲಿ ಕೂತ ತಕ್ಷಣ ಬರುವ ಪ್ರಶ್ನೆ ಹೇಗೆ ಕಟ್ ಮಾಡ್ಲಿ ಅಂತ ಅಲ್ಲ. "ಸೈಡ್ ಎಷ್ಟು ನಂಬರ್ ಹಾಕ್ಲಿ ಸಾರ್?" ಅಂದರೆ ಮಷೀನ್ ಹಾಕುವುದು ಆಗಲೇ ತೀರ್ಮಾನವಾಗಿದೆ, ಎಷ್ಟು ಅನ್ನುವುದಷ್ಟೇ ಬಾಕಿ. ಬಾಚಣಿಗೆಯಲ್ಲಿ ಕೂದಲು ಎತ್ತಿ ಅದರ ಮೇಲೆ ಕತ್ತರಿ ಓಡಿಸುವ ಕೆಲಸ ಹತ್ತು ವರ್ಷದ ಹಿಂದೆ ಪ್ರತಿ ಅಂಗಡಿಯ ಮಾಮೂಲಾಗಿತ್ತು. ಈಗ ಬಾಯಿಬಿಟ್ಟು ಕೇಳಬೇಕು, ಕೇಳಿದರೂ ಮೂರು ಕುರ್ಚಿಯಲ್ಲಿ ಒಂದು ಕುರ್ಚಿಯವರಿಗೆ ಬರುತ್ತದೆ.

ಇದು ಹಳೇ ಕಾಲವೇ ಚೆನ್ನಾಗಿತ್ತು ಅನ್ನುವ ಕೊರಗಲ್ಲ, ದುಡ್ಡಿನ ಲೆಕ್ಕ. ತಲೆಗೂದಲು ತಿಂಗಳಿಗೆ ಸುಮಾರು 12 ಮಿ.ಮೀ. ಬೆಳೆಯುತ್ತದೆ, ದಿನಕ್ಕೆ 0.4 ಮಿ.ಮೀ. ಅಂದುಕೊಳ್ಳಿ. ಪಕ್ಕಕ್ಕೆ ಒಂದನೇ ನಂಬರ್ ಹಾಕಿಸಿದರೆ ಉಳಿಯುವುದು 3 ಮಿ.ಮೀ. ಹದಿನೈದು ದಿನಕ್ಕೆ ಅದು 9 ಆಯಿತು, ಮೂರು ಪಟ್ಟು. ಅದೇ ಕತ್ತರಿಯಲ್ಲಿ 25 ಮಿ.ಮೀ. ಬಿಟ್ಟಿದ್ದರೆ ಹದಿನೈದು ದಿನಕ್ಕೆ 31, ಕನ್ನಡಿಗೂ ಗೊತ್ತಾಗುವುದಿಲ್ಲ. ಫೇಡ್ ಮಾಡಿಸಿದವರ ಪಾಡು ಇನ್ನೂ ಕಷ್ಟ. ಫೇಡಿನ ಅಂದ ಇರುವುದು ಕೂದಲಲ್ಲಿ ಅಲ್ಲ, ಕೂದಲ ನಡುವೆ ಕಾಣುವ ಚರ್ಮದಲ್ಲಿ. ಕೆಳಗೆ ಚರ್ಮ, ಮೇಲೆ ಹೋಗ್ತಾ ಹೋಗ್ತಾ ಕಪ್ಪು. ನಮ್ಮಂಥ ದಟ್ಟ ಕಪ್ಪು ಕೂದಲು ಸುಮಾರು 5 ಮಿ.ಮೀ. ದಾಟಿತೆಂದರೆ ಚರ್ಮ ಮುಚ್ಚಿಹೋಗುತ್ತದೆ. ಅಲ್ಲಿಗೆ ಎರಡು ವಾರ. ಆಮೇಲೆ ಕಿವಿಯ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಒಂದು ಕಪ್ಪು ಪಟ್ಟಿ.

ಆದ್ದರಿಂದ ಕಟಿಂಗಿನ ರೇಟನ್ನು ದಿನದಿಂದ ಭಾಗಿಸಿ ನೋಡಿ. 150 ರೂಪಾಯಿಯ ಫೇಡ್ 16 ದಿನ ಬಂದರೆ ದಿನಕ್ಕೆ 9 ರೂಪಾಯಿ 40 ಪೈಸೆ, ವರ್ಷಕ್ಕೆ 23 ಸಲ, 3450 ರೂಪಾಯಿ. ಕತ್ತರಿ ಕಟಿಂಗ್ 35 ದಿನ ಬರುತ್ತದೆ. ದಿನಕ್ಕೆ 4 ರೂಪಾಯಿ 30 ಪೈಸೆ, ವರ್ಷಕ್ಕೆ ಹತ್ತು ಸಲ, 1500. ತಾಳ್ಮೆಯಿಂದ ಮಾಡಿದ್ದಕ್ಕೆ ಪ್ರತಿ ಸಲ 30 ರೂಪಾಯಿ ಕೈಗಿಟ್ಟರೂ 1800. ಚೈನ್ ಸಲೂನಿನ 420ರ ಕತ್ತರಿ ಕಟಿಂಗ್ ವರ್ಷಕ್ಕೆ 4200. ಅಂದರೆ ತಿಂಗಳಿಗೆ ಎರಡು ಸಲ ಏರಿಯಾದ ಅಂಗಡಿಗೆ ಹೋಗಿ ಫೇಡ್ ಹೊಡೆಸುವವರು ಅಗ್ಗ ಅಂದುಕೊಂಡೇ ಚೈನ್ ಸಲೂನಿನ ರೇಟಿನ ಹತ್ತಿರ ಬಂದಿರುತ್ತಾರೆ. ಇಪ್ಪತ್ತರ ಹುಡುಗರಿಗೆ ಅದು ಬೇಕು, ಹಾಕಿಸಿಕೊಳ್ಳಲಿ. ಮದುವೆ ಮುಂಜಿಗೆ ಅಂತ ಎರಡು ದಿನ ಮುಂಚೆ ಹಾಕಿಸುವುದೂ ಸರಿ. ಆದರೆ ಕೇಳದೆಯೇ ಎಲ್ಲರ ತಲೆಗೂ ಅದನ್ನೇ ಹಾಕುವುದು ನನ್ನ ತಕರಾರು.

ನಂಬರಿನ ಗೊಂದಲ ಬೇರೆ. ವಾಲ್ (Wahl) ಕಂಪನಿಯ ಥರದ ಮಷೀನುಗಳಿಗೆ ಸಿಕ್ಕಿಸುವ ಹಲ್ಲಿನ ಕ್ಯಾಪಿನಲ್ಲಿ 1 ಅಂದರೆ 3 ಮಿ.ಮೀ., 2 ಅಂದರೆ 6, 3 ಅಂದರೆ 10, 4 ಅಂದರೆ 13. ಆದರೆ ಅಗ್ಗದ ಟ್ರಿಮರುಗಳ ಕ್ಯಾಪಿನ ಮೇಲೆ ಬರೆದಿರುವುದು ನೇರವಾಗಿ ಮಿಲಿಮೀಟರು. ಒಂದು ಅಂಗಡಿಯಲ್ಲಿ ಮೂರು ಅಂದು ಚೆನ್ನಾಗಿ ಬಂದದ್ದು ಇನ್ನೊಂದರಲ್ಲಿ ಅರ್ಧ ಬೋಳಾಗುವುದು ಇದರಿಂದ. ನಂಬರ್ ಹೇಳಬೇಡಿ, ಬೆರಳಿನಲ್ಲಿ ಅಳತೆ ತೋರಿಸಿ. ಇಲ್ಲವೇ ಕ್ಯಾಪ್ ಕೈಗೆ ತೆಗೆದುಕೊಂಡು ಹಲ್ಲಿನ ಉದ್ದ ನೋಡಿ. ಮಷೀನಿಗೆ ಕ್ಯಾಪ್ ಸರಿಯಾಗಿ ಕಚ್ಚಿದೆಯೋ ಇಲ್ಲವೋ ಅದನ್ನೂ ನೋಡಬೇಕು. ಸವೆದ ಕ್ಯಾಪ್ ನಡುವೆ ಹಾರಿತೆಂದರೆ ನೇರ ಝೀರೋ, ಆ ತೇಪೆಯನ್ನು ಮುಚ್ಚಲು ಸುತ್ತಲಿನದನ್ನೆಲ್ಲ ಅದೇ ಮಟ್ಟಕ್ಕೆ ಇಳಿಸುವುದು ಬಿಟ್ಟು ದಾರಿಯಿಲ್ಲ.

ಕೈಗನ್ನಡಿಯಲ್ಲಿ ನೋಡಬೇಕಾದ್ದು ಎರಡು ಜಾಗ. ಒಂದು, ಕತ್ತಿನ ಹಿಂದಿನ ಅಂಚು. ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಸ್ಕ್ವೇರ್ ಮಾಡಿದರೆ ಆ ಹೊತ್ತಿಗೆ ಚಂದ. ಐದನೇ ದಿನಕ್ಕೆ ಗೆರೆಯ ಕೆಳಗೆ ಮುಳ್ಳು ಮುಳ್ಳಾಗಿ ಕೂದಲು ಬಂದು ಗಲೀಜು ಕಾಣುತ್ತದೆ. ಅಂಚನ್ನು ಕ್ರಮೇಣ ತೆಳುವಾಗಿಸಿ ಹಾಗೇ ಕರಗಿಸಿಬಿಟ್ಟರೆ ಹೊಸ ಕೂದಲು ಹಳೆಯದರ ಜೊತೆ ಬೆರೆತುಹೋಗುತ್ತದೆ, ಹತ್ತು ದಿನ ಹೆಚ್ಚು ಬಾಳುತ್ತದೆ. ಇನ್ನೊಂದು, ನೆತ್ತಿಯ ಸುಳಿ. ಅಲ್ಲಿ ಕೂದಲು ಸುತ್ತಿಕೊಂಡು ಹುಟ್ಟುವುದರಿಂದ ತುಂಬ ಗಿಡ್ಡ ಮಾಡಿದರೆ ಮಲಗುವಷ್ಟು ಭಾರ ಉಳಿಯದೆ ನೆಟ್ಟಗೆ ನಿಲ್ಲುತ್ತದೆ. ಎರಡು ಸುಳಿ ಇದ್ದವರು ಕೂತ ತಕ್ಷಣ ಬೆರಳಿಟ್ಟು ತೋರಿಸುವುದು ಮೇಲು. ಕೂದಲು ತೆಳು ಮಾಡುವ ಹಲ್ಲು ಕತ್ತರಿಯನ್ನು ಬುಡದ ಹತ್ತಿರ ಹಾಕಿದರೂ ಇದೇ ಗತಿ, ತುಂಡಾದ ಗಿಡ್ಡ ಕೂದಲು ಉದ್ದ ಕೂದಲನ್ನು ಕೆಳಗಿನಿಂದ ನೂಕಿ ಎಬ್ಬಿಸುತ್ತದೆ. ಗುಂಗುರು ಕೂದಲಿನವರಿಗೆ ಇನ್ನೊಂದು ಮಾತು: ಒದ್ದೆಯಾದಾಗ ಎಳೆದು ಅಳೆದ ಕೂದಲು ಒಣಗಿದ ಮೇಲೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚೇ ಬಿಡಿಸಿ.

ಇಷ್ಟು ದೂರು ಬರೆದ ಮೇಲೆ ಅಂಗಡಿಯವರ ಲೆಕ್ಕವನ್ನೂ ಹಾಕಬೇಕಲ್ಲ. ಮಷೀನ್ ಕಟಿಂಗ್ 12 ನಿಮಿಷ, ಬಾಚಣಿಗೆ ಕತ್ತರಿಯದು ಅರ್ಧ ಗಂಟೆ. ದರಪಟ್ಟಿಯಲ್ಲಿ ಎರಡಕ್ಕೂ ಒಂದೇ 150. ಭಾನುವಾರ ಬೆಳಗ್ಗೆ ಒಂದು ಕುರ್ಚಿಯಲ್ಲಿ ಗಂಟೆಗೆ 750 ಹುಟ್ಟುವ ಕಡೆ ಕತ್ತರಿ ಹಿಡಿದರೆ 300. ಕೆಲಸದವರು ಹೆಚ್ಚಾಗಿ ಅರ್ಧ ಪಾಲಿನ ಮೇಲೆ ಇರುತ್ತಾರೆ, ನಿಮ್ಮ 150ರಲ್ಲಿ ಕತ್ತರಿ ಹಿಡಿದವರ ಕೈಗೆ 75. ಉಳಿದ ಅರ್ಧದಲ್ಲಿ ಬಾಡಿಗೆ, ಕರೆಂಟು, ಬ್ಲೇಡು, ಬಟ್ಟೆ ಒಗೆಯುವುದು. 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳು ಬಾಗಿಲು ಹಾಕಿಸಿದಾಗ ರಾಜ್ಯ ಸರ್ಕಾರ ಕ್ಷೌರಿಕರಿಗೆ ಘೋಷಿಸಿದ ನೆರವು ಒಂದು ಸಲದ 5000 ರೂಪಾಯಿ. ಮೇ ಮೂರನೇ ವಾರದಲ್ಲಿ ಬಾಗಿಲು ತೆಗೆದಾಗ ಮನೆಗೊಂದು ಟ್ರಿಮರ್ ಬಂದಾಗಿತ್ತು, ಶೇವಿಂಗಿಗೆ ಬರುತ್ತಿದ್ದವರಲ್ಲಿ ಸುಮಾರು ಜನ ಆಮೇಲೆ ಬರಲೇ ಇಲ್ಲ. ಈ ಲೆಕ್ಕದಲ್ಲಿ ಬೇಗ ಮುಗಿಸಿ ಬೇಗ ವಾಪಸ್ ಬರುವ ಹಾಗೆ ಮಾಡುವ ಕಟಿಂಗ್ ಕಡೆಗೆ ವಾಲಿದ್ದಾರೆ ಅಂದರೆ ತಪ್ಪು ಹೊರಿಸುವುದು ಕಷ್ಟ. ಕತ್ತರಿ ಕಟಿಂಗಿಗೆ ದರಪಟ್ಟಿಯಲ್ಲೇ 200 ಅಂತ ಬೇರೆ ಸಾಲು ಬರೆದರೆ ಇಬ್ಬರಿಗೂ ಒಳ್ಳೆಯದು. ದಿನಕ್ಕೆ ಐದೂಮುಕ್ಕಾಲು ರೂಪಾಯಿ ಬಿದ್ದರೂ ಫೇಡಿಗಿಂತ ಅಗ್ಗವೇ.

ಶುಚಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು, ಅರ್ಧವನ್ನು ಹಿಡಿಗೆ ಹಾಕುವುದು ನಿಮ್ಮ ಕಣ್ಣೆದುರೇ ಆಗಬೇಕು. ಮೊದಲೇ ಹಾಕಿಟ್ಟಿದ್ದರೆ ಬದಲಿಸಿ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ರಕ್ತದ ಕಣ್ಣಿಗೆ ಕಾಣದಷ್ಟು ಅಂಶದಿಂದಲೇ ಹರಡುತ್ತವೆ. ಬ್ಲೇಡು ಬದಲಿಸುವವರೂ ಮರೆಯುವುದು ಪಟಿಕವನ್ನು. ಒಂದೇ ಗಡ್ಡೆ ಎಲ್ಲರ ಗಾಯಕ್ಕೂ ಉಜ್ಜಿದರೆ ಹೊಸ ಬ್ಲೇಡಿನಿಂದ ಆದ ಲಾಭ ಹೋಯಿತು. ಬೇಡ ಅಂದುಬಿಡಿ, ಮನೆಗೆ ಬಂದು ನಿಮ್ಮದೇ ತುಂಡು ಒದ್ದೆ ಮಾಡಿ ಹಚ್ಚಿಕೊಳ್ಳಿ. ಮಷೀನಿನ ಹಲ್ಲಿನಿಂದ, ಟವೆಲಿನಿಂದ ಬರುವುದು ಹುಳುಕಡ್ಡಿ. ಬ್ರಷ್ಷಿನಲ್ಲಿ ಕೂದಲು ಕೊಡವಿದರೆ ಸಾಲದು, ಸ್ಪಿರಿಟ್ಟಿನ ಸ್ಪ್ರೇ ಹೊಡೆದು ಆರಲು ಬಿಡಬೇಕು. ಕಟಿಂಗ್ ಆದ ಮಾರನೇ ದಿನ ಕತ್ತಿನ ಹಿಂದೆ ಕೆಂಪು ಗುಳ್ಳೆ ಬಂದರೆ ಕೆಲವು ಸಲ ಕಾರಣ ಬೇರೆ. ಗೆರೆ ಚೂಪಾಗಿ ಬರಲಿ ಅಂತ ಟ್ರಿಮರಿನ ಓಡಾಡುವ ಬ್ಲೇಡನ್ನು ಕೆಳಗಿನ ಬ್ಲೇಡಿನ ಅಂಚಿಗೇ ತಂದು ಕೂರಿಸಿರುತ್ತಾರೆ, ಅದು ಕೂದಲ ಜೊತೆ ಚರ್ಮವನ್ನೂ ಕಚ್ಚುತ್ತದೆ.

ತಲೆ ಮಸಾಜ್ 50ರಿಂದ 100. ನೆತ್ತಿ ತಟ್ಟುವುದು, ಬೆರಳು ಹೆಣೆದು ಟಕಟಕ ಅನ್ನಿಸುವುದು, ಹುಬ್ಬಿನ ಮೇಲೆ ಹೆಬ್ಬೆರಳು ಎಳೆಯುವುದು, ಎಲ್ಲ ಸರಿ. ಗದ್ದ ಹಿಡಿದು ಕತ್ತು ಲಟಕ್ ಅನ್ನಿಸಲು ಬಂದಾಗ ಮಾತ್ರ ಕೈ ಅಡ್ಡ ಹಿಡಿಯಿರಿ. ಕತ್ತಿನ ರಕ್ತನಾಳ ಒಳಗೆ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳಿವೆ, 2024ರಲ್ಲಿ ಬಳ್ಳಾರಿ ಕಡೆಯ ಒಂದು ಪ್ರಕರಣ ಪತ್ರಿಕೆಗಳಲ್ಲೂ ಬಂತು.

ಯಾವಾಗ ಹೋಗಬೇಕು ಅನ್ನುವುದು ಹೇಗೆ ಹೇಳಬೇಕು ಅನ್ನುವುದರಷ್ಟೇ ಮುಖ್ಯ. ಭಾನುವಾರ ಬೆಳಗ್ಗೆ ಎಂಟರಿಂದ ಒಂದರ ತನಕ ಕತ್ತರಿ ಕೇಳುವುದೇ ತಪ್ಪು, ಬೆಂಚಿನಲ್ಲಿ ಆರು ಜನ ಕೂತಿರುವಾಗ ಯಾರ ಕೈಯೂ ನಿಧಾನವಾಗುವುದಿಲ್ಲ. ಶುಕ್ರವಾರ, ಶನಿವಾರ ಕೆಲವರು ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ. ಅಮಾವಾಸ್ಯೆಗೆ, ಪಿತೃಪಕ್ಷಕ್ಕೆ ಅಂಗಡಿ ಭಣಭಣ. ನವೆಂಬರ್ ಮಧ್ಯದಿಂದ ಮಾಲೆ ಹಾಕಿದವರು 41 ದಿನ ಕೂದಲು, ಗಡ್ಡ ಎರಡನ್ನೂ ತೆಗೆಸುವುದಿಲ್ಲ. ವ್ರತ ಮುಗಿದ ವಾರದ ನೂಕುನುಗ್ಗಲೂ ಅಷ್ಟೇ ಜೋರು. ಶಾಸ್ತ್ರದ ಗೊಡವೆ ಇಲ್ಲದವರಿಗೆ ಈ ಖಾಲಿ ದಿನಗಳೇ ಹಬ್ಬ, ಅದೇ 150ಕ್ಕೆ ಮುಕ್ಕಾಲು ಗಂಟೆ ಕೆಲಸ ಸಿಗುತ್ತದೆ. ಇಲ್ಲದಿದ್ದರೆ ಬುಧವಾರ, ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತು. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡಿರಿ. ಎಣ್ಣೆ ತಲೆಯಲ್ಲಿ ಹೋದರೆ ಕೂದಲು ಅಂಟಿಕೊಂಡು ಬಾಚಣಿಗೆಯಲ್ಲಿ ಸಮನಾಗಿ ಏಳುವುದಿಲ್ಲ, ಮಷೀನಿನ ಹಲ್ಲೂ ಕಟ್ಟಿಕೊಳ್ಳುತ್ತದೆ.

ಹೇಳಬೇಕಾದ್ದು ಇಷ್ಟೇ: "ಅಣ್ಣ, ಸೈಡಿಗೂ ಹಿಂದಕ್ಕೂ ಬಾಚಣಿಗೆ ಕತ್ತರಿ. ಮಷೀನು ಕತ್ತಿನ ಅಂಚಿಗೆ ಮಾತ್ರ. ಕಿವಿ ಮೇಲೆ ಒಂದು ಬೆರಳು ಉಳೀಲಿ. ಹಿಂದೆ ಸ್ಕ್ವೇರ್ ಬೇಡ." ಮೂರು ವಾರ ಆದ ಮೇಲೆ ಕತ್ತು, ಕಿವಿ ಸುತ್ತ ಮಾತ್ರ ಕ್ಲೀನ್ ಮಾಡಿಸಿ. ಖಾಯಂ ಗಿರಾಕಿಗಳಿಗೆ ಅದಕ್ಕೆ 30 ರೂಪಾಯಿ, ಒಮ್ಮೊಮ್ಮೆ ದುಡ್ಡೇ ತೆಗೆದುಕೊಳ್ಳುವುದಿಲ್ಲ. ಆ ಐದು ನಿಮಿಷದ ಕೆಲಸ 35 ದಿನದ ಕಟಿಂಗನ್ನು 45ಕ್ಕೆ ಎಳೆಯುತ್ತದೆ.

ಐದರಲ್ಲಿ ಮೂರೂವರೆ. ಕತ್ತರಿ ಕೆಲಸ ಬಲ್ಲವರ ಮಧ್ಯದ ಕುರ್ಚಿ ಸಿಕ್ಕ ದಿನ ನಾಲ್ಕೂವರೆ. ಮಂಗಳವಾರ ರಜೆ.